ಸುಲಭವಾದ ಆಟವೂ ಉಳಿಯುವ ಆಟವೂ

ಕಳೆದ ವರ್ಷದ ಪಾಲಕರ ಸಭೆಯು ಮುಗಿಯುವ ಹೊತ್ತಿಗೆ ಒಂದು ಸಣ್ಣ ಸಂಗತಿಯು ಚರ್ಚೆಗೆ ಬಂದಿತು. ನಮ್ಮ ಶಾಲೆಯಲ್ಲಿಯೇ ಕಲಿತು ಈಗ ಪುಣೆಯಲ್ಲಿ ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮನೆಯಲ್ಲಿದ್ದ ವಿಡಿಯೊ ಆಟದ ಪೆಟ್ಟಿಗೆಯೊಂದನ್ನು ಶಾಲೆಗೆ ದಾನವಾಗಿ ಕೊಡಲು ಇಚ್ಛಿಸಿ ಪತ್ರ ಬರೆದಿದ್ದರು. ಆ ಪತ್ರವನ್ನು ಸಭೆಯಲ್ಲಿ ಓದಿ ಹೇಳಲಾಯಿತು. ಅದರಲ್ಲಿ ಅವರು ಮುಚ್ಚುಮರೆಯಿಲ್ಲದೆ ಇನ್ನೊಂದು ಮಾತನ್ನೂ ತಿಳಿಸಿದ್ದರು. ಪೆಟ್ಟಿಗೆಯನ್ನು ತಂದ ಹೊಸತರಲ್ಲಿ ಮನೆಯ ಹಿರಿಯರು ಕಿರಿಯರೆಲ್ಲರೂ ಕೂಡಿ ಆಡಿದರು. ಮೂರು ತಿಂಗಳು ಕಳೆಯುವದರೊಳಗಾಗಿ ಅದು ಕಪಾಟಿನ ಮೂಲೆಯನ್ನು ಸೇರಿತು. ಕೆಟ್ಟಿಲ್ಲ, ಒಡೆದಿಲ್ಲ, ಆದರೆ ಆಡುವವರಿಲ್ಲ. ಇದನ್ನು ಕೇಳಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು ಎದ್ದು, "ಅವರ ಮಕ್ಕಳಿಗೆ ಮೂರು ತಿಂಗಳಿಗೆ ಸಾಕಾದದ್ದು ನಮ್ಮ ಮಕ್ಕಳಿಗೆ ಎಷ್ಟು ದಿನ ಬಂದೀತು?" ಎಂದು ಕೇಳಿದರು. ಕೆಲವರು ನಕ್ಕರು. ಆದರೆ ಪ್ರಶ್ನೆಯು ನಕ್ಕು ಬಿಡುವಂಥದಾಗಿರಲಿಲ್ಲ. ಅಂದು ನಮ್ಮಲ್ಲಿ ಯಾರಿಗೂ ಅದಕ್ಕೆ ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲ. ಆ ಉತ್ತರವನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ಮೊದಲು ಈ ಪೆಟ್ಟಿಗೆಯ ಪರಿಚಯವನ್ನು ಮಾಡಿಕೊಡುವದು ಅವಶ್ಯವಾಗಿದೆ. ಮೊಬೈಲಿನ ಆಟವನ್ನು ಕಾಣದ ಮಕ್ಕಳು ಇಂದು ನಮ್ಮ ಜತ್ತ ತಾಲೂಕಿನಲ್ಲಿ ಇಲ್ಲವೆಂದರೂ ಸಲ್ಲುವದು. ಆದರೆ ಟೆಲಿವಿಜನ್ನಿಗೆ ಜೋಡಿಸಿ ಆಡುವ ಈ ಪೆಟ್ಟಿಗೆಯನ್ನು ಕಂಡವರು ಹೆಚ್ಚಿಲ್ಲ. ಇದು ಆಟಕ್ಕಾಗಿಯೇ ರಚಿಸಿದ ಒಂದು ಗಣಕಯಂತ್ರ. ಆಡುವವನ ಕೈಯಲ್ಲಿ ಒಂದು ಹಿಡಿಕೆಯಿರುತ್ತದೆ. ಹಿಡಿಕೆಯ ಮೂಲಕ ಅವನು ಕೊಟ್ಟ ಆಜ್ಞೆಯಂತೆ ಪರದೆಯ ಮೇಲಿನ ಚಿತ್ರವು ಓಡುತ್ತದೆ, ಜಿಗಿಯುತ್ತದೆ, ಚೆಂಡನ್ನು ಹೊಡೆಯುತ್ತದೆ. ೧೯೯೦ರ ದಶಕದಲ್ಲಿ ಜಪಾನಿನ ಹಳೆಯ ಯಂತ್ರವೊಂದರ ಅಗ್ಗದ ನಕಲುಗಳು ನಮ್ಮ ದೇಶದ ಪೇಟೆಗಳಲ್ಲಿ ಮಾರಾಟಕ್ಕೆ ಬಂದಿದ್ದವು. ಇಂದು ನಲವತ್ತರ ಆಸುಪಾಸಿನಲ್ಲಿರುವ ಪಾಲಕರಲ್ಲಿ ಕೆಲವರಿಗಾದರೂ ಅವುಗಳ ನೆನಪಿರಬಹುದು.

ಇಂಥ ಯಂತ್ರಗಳ ಹಿಡಿಕೆಗಳಲ್ಲಿ ವರ್ಷ ಕಳೆದಂತೆ ಗುಂಡಿಗಳು ಹೆಚ್ಚುತ್ತ ಹೋದವು. ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳಿಗೆಲ್ಲ ಬೇರೆ ಬೇರೆ ಕೆಲಸ. ಅಭ್ಯಾಸವಿದ್ದವರಿಗೆ ಅದು ಸೊಗಸು, ಹೊಸಬರಿಗೆ ಗೋಜಲು. ಅಜ್ಜಿಯ ಕೈಗೆ ಅದನ್ನು ಕೊಟ್ಟರೆ ಆಕೆ ಒಂದು ಸಲ ತಿರುವಿ ನೋಡಿ ಹಿಂದಕ್ಕೆ ಕೊಡುವಳು. ಈ ತೊಡಕನ್ನು ನಿವಾರಿಸಲು ಹೊರಟದ್ದು ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿ. ೧೮೮೯ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ಮೊದಲು ಮಾಡಿ ಮಾರುತ್ತಿದ್ದುದು ಹೂವಿನ ಚಿತ್ರಗಳುಳ್ಳ ಇಸ್ಪೀಟಿನಂಥ ಎಲೆಗಳನ್ನು. ಸತೋರು ಇವಾಟಾ ಎಂಬವರು ಅದರ ಅಧ್ಯಕ್ಷರಾಗಿದ್ದಾಗ, ಎಂದೂ ಆಡದವರನ್ನು ಆಟಕ್ಕೆ ಕರೆತರಬೇಕೆಂಬ ಗುರಿಯನ್ನಿಟ್ಟುಕೊಂಡು, ೨೦೦೬ರ ನವೆಂಬರದಲ್ಲಿ ವೀ ಎಂಬ ಪೆಟ್ಟಿಗೆಯನ್ನು ಹೊರತಂದರು. ಅದರ ಹಿಡಿಕೆಯು ಟೆಲಿವಿಜನ್ನಿನ ರಿಮೋಟಿನಂತೆ ಸರಳವಾಗಿತ್ತು. ಟೆನಿಸ್ ಆಡಬೇಕಾದರೆ ಗುಂಡಿಗಳನ್ನು ನೆನಪಿಡುವ ಕಾರಣವಿಲ್ಲ. ಬ್ಯಾಟನ್ನು ಬೀಸಿದಂತೆ ಕೈಯನ್ನು ಬೀಸಿದರೆ ಸಾಕು.

ಕೈಯ ಬೀಸನ್ನು ಯಂತ್ರವು ತಿಳಿಯುವದು ಹೇಗೆಂದು ವಿದ್ಯಾರ್ಥಿಗಳು ಕೇಳಬಹುದು. ಜತ್ತದಿಂದ ಸಾಂಗಲಿಗೆ ಹೋಗುವ ಎಸ್. ಟಿ. ಬಸ್ಸು ಒಮ್ಮೆಲೇ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರೆ; ಒಮ್ಮೆಲೇ ನಿಂತಾಗ ಮುಂದಕ್ಕೆ ಮುಗ್ಗರಿಸುತ್ತಾರೆ. ಹಿಡಿಕೆಯೊಳಗೆ ಕೂದಲೆಳೆಯಷ್ಟು ಸೂಕ್ಷ್ಮವಾದ ಸಿಲಿಕಾನಿನ ತುಣುಕೊಂದನ್ನು ಅಷ್ಟೇ ಸೂಕ್ಷ್ಮವಾದ ಸ್ಪ್ರಿಂಗುಗಳ ಆಧಾರದಿಂದ ನಿಲ್ಲಿಸಿರುತ್ತಾರೆ. ಕೈ ಬೀಸಿದಾಗ ಆ ತುಣುಕು ಬಸ್ಸಿನೊಳಗಿನ ಪ್ರಯಾಣಿಕನಂತೆ ಹಿಂದೆ ಮುಂದೆ ಸರಿಯುವದು. ಆ ಸರಿದಾಟವನ್ನು ವಿದ್ಯುತ್ತಿನ ಮೂಲಕ ಅಳೆದು ಯಂತ್ರವು ಕೈಯ ವೇಗದ ಏರಿಳಿತವನ್ನು ಗುರುತಿಸುವದು. ಹಿಡಿಕೆಯ ತುದಿಯಲ್ಲಿರುವ ಚಿಕ್ಕ ಕ್ಯಾಮರಾ ಟೆಲಿವಿಜನ್ನಿನ ಬಳಿಯಿಟ್ಟ ಕಣ್ಣಿಗೆ ಕಾಣದ ದೀಪಗಳನ್ನು ನೋಡಿ, ಕೈಯು ಪರದೆಯ ಯಾವ ಕಡೆಗೆ ತಿರುಗಿದೆಯೆಂಬದನ್ನು ತಿಳಿಯುವದು.

ಈ ಯುಕ್ತಿಯು ಜಗತ್ತನ್ನೇ ಬೆರಗುಗೊಳಿಸಿತು. ಅಂಗಡಿಗಳ ಮುಂದೆ ಜನರು ಸಾಲುಗಟ್ಟಿ ನಿಂತರು. ಕಂಪನಿಯ ಲೆಕ್ಕದ ಪ್ರಕಾರ ಏಪ್ರಿಲದಿಂದ ಮಾರ್ಚಿಗೆ ಮುಗಿಯುವ ೨೦೦೭-೦೮ನೆಯ ವರ್ಷದಲ್ಲಿ ಸುಮಾರು ೧ ಕೋಟಿ ೮೬ ಲಕ್ಷ ಪೆಟ್ಟಿಗೆಗಳೂ, ೨೦೦೮-೦೯ರಲ್ಲಿ ಸುಮಾರು ೨ ಕೋಟಿ ೬೦ ಲಕ್ಷ ಪೆಟ್ಟಿಗೆಗಳೂ ಮಾರಾಟವಾದವು. ಅದು ಶಿಖರ. ಮುಂದಿನ ವರ್ಷ ೨ ಕೋಟಿ ೫ ಲಕ್ಷ, ಅದರ ಮುಂದಿನ ವರ್ಷ ೧ ಕೋಟಿ ೫೧ ಲಕ್ಷ, ೨೦೧೧-೧೨ರಲ್ಲಿ ೯೮ ಲಕ್ಷ, ೨೦೧೨-೧೩ರಲ್ಲಿ ಕೇವಲ ೪೦ ಲಕ್ಷ. ಹೀಗೆ ಏರಿದ ಮೇಲೆ ಅದು ವರ್ಷ ವರ್ಷವೂ ಇಳಿಯಿತು. ಒಟ್ಟು ೧೦ ಕೋಟಿ ೧೬ ಲಕ್ಷ ಪೆಟ್ಟಿಗೆಗಳು ಮಾರಾಟವಾದುದು ನಿಜ. ಆದರೆ ೨೦೧೨ರಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ ವೀ ಯು ಎಂಬ ಪೆಟ್ಟಿಗೆಯು ೧ ಕೋಟಿ ೩೬ ಲಕ್ಷದ ಆಸುಪಾಸಿಗೇ ನಿಂತುಹೋಯಿತು. ವೀಯನ್ನು ಕೊಂಡ ಹತ್ತು ಮನೆಗಳಲ್ಲಿ ಎಂಟು ಒಂಬತ್ತು ಮನೆಗಳಷ್ಟು ಜನ ಎರಡನೆಯ ಸಲ ಬಾಗಿಲಿಗೆ ಬರಲಿಲ್ಲವೆಂದು ಸ್ಥೂಲವಾಗಿ ಹೇಳಬಹುದು.

ಇದಿಷ್ಟರಿಂದಲೇ ಸುಲಭವಾದ ಆಟವು ಬೇಗನೆ ಬೇಸರ ತರುವದೆಂದು ತೀರ್ಮಾನಿಸಿದರೆ ಅದು ಆತುರವಾಗುವದು. ಮಾರಾಟದ ಲೆಕ್ಕವು ಎಷ್ಟು ಜನ ಕೊಂಡರೆಂಬದನ್ನು ಹೇಳುವದೇ ಹೊರತು, ಕೊಂಡವರು ಎಷ್ಟು ದಿನ ಆಡಿದರೆಂಬದನ್ನು ಹೇಳುವದಿಲ್ಲ. ಇಳಿತಕ್ಕೆ ಬೇರೆ ಕಾರಣಗಳೂ ಇದ್ದವು. ಅದೇ ಕಾಲಕ್ಕೆ ಜನರ ಮನೆಗಳಲ್ಲಿ ಹೆಚ್ಚು ಸ್ಪಷ್ಟವಾದ ಹೊಸ ಟೆಲಿವಿಜನ್ನುಗಳು ಬಂದವು; ವೀಯ ಚಿತ್ರವು ಅವುಗಳ ಮೇಲೆ ಮಸುಕಾಗಿ ಕಾಣುತ್ತಿತ್ತು. ೨೦೦೭ರ ನಂತರ ಸ್ಪರ್ಶದಿಂದ ನಡೆಯುವ ಮೊಬೈಲುಗಳು ಬಂದು, ಬಿಡುವಿನ ಹೊತ್ತಿನ ಸಣ್ಣ ಆಟಗಳನ್ನೆಲ್ಲ ಜೇಬಿಗೇ ತಂದಿಟ್ಟವು. ವೀ ಯು ಎಂಬ ಹೆಸರನ್ನು ಕೇಳಿದ ಅನೇಕರು ಅದು ಹೊಸ ಪೆಟ್ಟಿಗೆಯೆಂದೇ ತಿಳಿಯಲಿಲ್ಲ. ಇವೆಲ್ಲವೂ ಸರಿ. ಆದರೂ ನಮ್ಮ ಹಳೆಯ ವಿದ್ಯಾರ್ಥಿಯ ಮನೆಯ ಕಪಾಟಿನ ಕಥೆಯು ಇವುಗಳಿಂದ ಪೂರ್ತಿಯಾಗಿ ಬಿಡಿಸಲ್ಪಡುವದಿಲ್ಲ. ಆಟದ ಒಳಗನ್ನೇ ನೋಡಬೇಕು.

ವೀಯ ಸಂಗಡ ಅನೇಕ ದೇಶಗಳಲ್ಲಿ ಪುಕ್ಕಟೆಯಾಗಿ ಕೊಡುತ್ತಿದ್ದ ಆಟ ವೀ ಸ್ಪೋರ್ಟ್ಸ್. ಅದರಲ್ಲಿ ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಮುಷ್ಟಿಯುದ್ಧ ಹೀಗೆ ಐದು ಆಟಗಳಿದ್ದವು. ಮೊದಲ ದಿನ ಆಡುವವನು ನಡುಮನೆಯಲ್ಲಿ ನಿಂತು ಮೈಯನ್ನೆಲ್ಲ ಬಾಗಿಸಿ ತೋಳನ್ನು ಬೀಸುವನು, ನೋಡುವವರು ನಗುವರು, ಅದೇ ಆಟದ ಸೊಗಸು. ಕೆಲವು ದಿನಗಳ ಮೇಲೆ, ಇಷ್ಟೆಲ್ಲ ಬೀಸುವ ಕಾರಣವಿಲ್ಲ, ಕುಳಿತಲ್ಲಿಂದಲೇ ಮಣಿಕಟ್ಟನ್ನು ತುಸು ಹೊರಳಿಸಿದರೂ ಚೆಂಡು ಹೋಗುವದೆಂಬದು ಅವನಿಗೆ ಗೊತ್ತಾಗುವದು. ಗೊತ್ತಾದ ದಿನವೇ ಆಟದ ಅರ್ಧ ಸೊಗಸು ಮುಗಿಯಿತು. ನಿಜವಾದ ಬಯಲಿನಲ್ಲಿ ಅಭ್ಯಾಸವು ಹೆಚ್ಚಿದಂತೆ ಮೈಗೆ ಹೊಸ ಕೆಲಸ ಸಿಕ್ಕುತ್ತದೆ. ಇಲ್ಲಿ ಅಭ್ಯಾಸವು ಹೆಚ್ಚಿದಂತೆ ಕೆಲಸವು ಕಡಿಮೆಯಾಗುತ್ತದೆ. ಹೊಸತೆಂಬ ಕಾರಣದಿಂದ ಹುಟ್ಟಿದ ಆಸಕ್ತಿಯು ಹಳೆಯದಾಗುವದರೊಂದಿಗೆ ಸಾಯುವದು ಸಹಜವೇ ಸರಿ. ಬಾಗಿಲು ವಿಶಾಲವಾಗಿದ್ದು ಎಲ್ಲರೂ ಸುಲಭವಾಗಿ ಒಳಗೆ ಬಂದರು. ಆದರೆ ಒಳಗಿದ್ದುದು ಒಂದೇ ಕೋಣೆ.

ಆದರೆ ಇದೇ ಬೌಲಿಂಗ್ ಆಟವನ್ನು ಬಿಡದೆ ಆಡಿದವರೂ ಇದ್ದಾರೆ. ಅವರು ಮಕ್ಕಳಲ್ಲ, ವೃದ್ಧರು. ಅಮೆರಿಕದ ಹಲವು ವೃದ್ಧಾಶ್ರಮಗಳಲ್ಲಿ ಅಜ್ಜ ಅಜ್ಜಿಯರು ತಂಡಗಳನ್ನು ಕಟ್ಟಿಕೊಂಡು, ಒಂದು ಆಶ್ರಮದವರು ಇನ್ನೊಂದು ಆಶ್ರಮದವರೊಡನೆ ಪಂದ್ಯಗಳನ್ನೇರ್ಪಡಿಸಿ, ಈ ಪೆಟ್ಟಿಗೆಯ ಮೇಲೆ ವರ್ಷಗಟ್ಟಲೆ ಆಡಿದರು. ಆಟವು ಅದೇ, ಹಿಡಿಕೆಯು ಅದೇ. ಬೇರೆಯಾದುದೇನು? ಅಲ್ಲಿ ತಂಡವಿತ್ತು, ನಿಶ್ಚಿತವಾದ ದಿನವಿತ್ತು, ಬರೆದಿಟ್ಟ ಅಂಕಗಳಿದ್ದವು, ಎದುರು ನೋಡುವ ಎದುರಾಳಿಯಿದ್ದನು. ಪೆಟ್ಟಿಗೆಯು ಕೊಡಲಾರದ ಆಳವನ್ನು ಆಡುವವರ ಕೂಟವು ತುಂಬಿಕೊಟ್ಟಿತು.

ಸುಲಭವಾಗಿದ್ದೂ ಆಳವಾದ ಆಟಗಳು ಯಂತ್ರಗಳಲ್ಲಿ ಇಲ್ಲವೆಂದು ಯಾರೂ ಭಾವಿಸಬಾರದು. ೧೯೮೪ರಲ್ಲಿ ಮಾಸ್ಕೋದ ಅಲೆಕ್ಸೀ ಪಾಜಿಟ್ನೊವ್ ಎಂಬ ಗಣಕತಜ್ಞರು ಟೆಟ್ರಿಸ್ ಎಂಬ ಆಟವನ್ನು ರಚಿಸಿದರು. ಮೇಲಿನಿಂದ ಬೀಳುವ ತುಂಡುಗಳನ್ನು ತಿರುಗಿಸಿ, ಇಟ್ಟಂಗಿಗಳಂತೆ ಸಾಲಾಗಿ ಹೊಂದಿಸುವದು. ಸಾಲು ತುಂಬಿದರೆ ಅದು ಮಾಯವಾಗುವದು. ಇದನ್ನು ಕಲಿಯಲು ಎರಡು ನಿಮಿಷ ಸಾಕು. ಆದರೆ ೧೯೮೯ರಲ್ಲಿ ನಿಂಟೆಂಡೊ ಹೊರತಂದ ಇದರ ಆವೃತ್ತಿಯನ್ನು, ಯಂತ್ರವೇ ಸೋತು ನಿಂತುಬಿಡುವ ಹಂತದವರೆಗೆ ಮನುಷ್ಯನೊಬ್ಬನು ಆಡಿದ್ದು ೨೦೨೩ರ ಡಿಸೆಂಬರದಲ್ಲಿ, ಅಂದರೆ ೩೪ ವರ್ಷಗಳ ನಂತರ. ಆ ಸಾಧನೆಯನ್ನು ಮಾಡಿದವನು ಅಮೆರಿಕದ ೧೩ ವರ್ಷದ ಬಾಲಕ. ಅವನು ಹುಟ್ಟುವದಕ್ಕಿಂತ ಇಪ್ಪತ್ತು ವರ್ಷ ಮುಂಚೆ ತಯಾರಾದ ಆಟವದು! ಅದೇ ರೀತಿ, ನಿಂಟೆಂಡೊ ಕಂಪನಿಯೇ ೨೦೧೭ರಲ್ಲಿ ಹೊರತಂದ ಸ್ವಿಚ್ ಎಂಬ ಪೆಟ್ಟಿಗೆಯೂ ಹೊಸಬರಿಗೆ ಸುಲಭವಾದದ್ದೇ. ಆದರೆ ವೀಯಂತೆ ಅದು ಬೇಗನೆ ಕುಸಿಯದೆ, ೨೦೨೫ರ ವೇಳೆಗೆ ೧೫ ಕೋಟಿಯನ್ನು ದಾಟಿತು. ಒಂದು ಬೀಸಿನ ಬೆರಗನ್ನು ನಂಬದೆ, ತಿಂಗಳುಗಟ್ಟಲೆ ಕಟ್ಟಿ ಬೆಳೆಸುವಂಥ, ಗೆಳೆಯರನ್ನು ಕರೆದು ತೋರಿಸುವಂಥ ಆಟಗಳು ಅದರಲ್ಲಿದ್ದುದು ಇದಕ್ಕೊಂದು ಕಾರಣವೆಂದು ನಮಗೆ ತೋರುತ್ತದೆ.

ಈಗ ಜಪಾನು ಅಮೆರಿಕಗಳನ್ನು ಬಿಟ್ಟು ನಮ್ಮ ಮನೆಯ ಪಡಸಾಲೆಗೆ ಬರೋಣ. ಚೌಕಾಬಾರ ಆಟವನ್ನು ಅರಿಯದ ಮನೆ ನಮ್ಮ ಕಡೆಗೆ ಅಪರೂಪ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಐದೈದು ಮನೆಗಳ ಚೌಕವನ್ನು ಬರೆದು, ನಾಲ್ಕು ಕವಡೆಗಳನ್ನೋ ಒಡೆದ ಹುಣಸೆಬೀಜಗಳನ್ನೋ ಹಿಡಿದರೆ ಆಟವು ಸಿದ್ಧವಾಯಿತು. ಐದು ವರ್ಷದ ಕೂಸು ಕೂಡ ಒಂದೇ ಸಂಜೆಯಲ್ಲಿ ಇದನ್ನು ಕಲಿಯುತ್ತದೆ. ಹಾಗಾದರೆ ಎಪ್ಪತ್ತು ವರ್ಷದ ಅಜ್ಜಿಗೆ ಅದು ಇನ್ನೂ ಬೇಸರವಾಗಿಲ್ಲವೇಕೆ? ಲೆಕ್ಕ ಮಾಡಿ ನೋಡಿರಿ. ನಾಲ್ಕು ಬೀಜಗಳಲ್ಲಿ ಪ್ರತಿಯೊಂದೂ ಬಿಳಿ ಅಥವಾ ಕರಿ ಬದಿಗೆ ಸಮನಾಗಿ ಬೀಳುವದೆಂದು ಭಾವಿಸಿದರೆ ಒಟ್ಟು ೧೬ ಬಗೆಯಲ್ಲಿ ಗರ ಬೀಳಬಹುದು. ಅವುಗಳಲ್ಲಿ ಎರಡು ಬೀಳುವದು ೬ ಬಗೆಯಿಂದ, ಒಂದು ಬೀಳುವದು ೪ ಬಗೆಯಿಂದ, ಮೂರು ಬೀಳುವದೂ ೪ ಬಗೆಯಿಂದ. ನಾಲ್ಕೂ ಬಿಳಿಯಾಗಿ ಚೌಕ ಬೀಳುವದು ಒಂದೇ ಬಗೆ. ನಾಲ್ಕೂ ಕರಿಯಾಗಿ ಬಾರ, ಅಂದರೆ ಎಂಟು, ಬೀಳುವದೂ ಒಂದೇ ಬಗೆ. ಅಜ್ಜಿಯು ಈ ಗಣಿತವನ್ನು ಶಾಲೆಯಲ್ಲಿ ಕಲಿತಿಲ್ಲ. ಆದರೆ ಎದುರಾಳಿಯ ಕಾಯಿಯಿಂದ ಎರಡು ಮನೆ ಮುಂದೆ ನಿಲ್ಲುವದು ಅಪಾಯ, ನಾಲ್ಕು ಮನೆ ಮುಂದೆ ನಿಲ್ಲುವದು ಅಷ್ಟು ಅಪಾಯವಲ್ಲವೆಂಬದು ಆಕೆಗೆ ಚೆನ್ನಾಗಿ ಗೊತ್ತಿದೆ. ಯಾವ ಕಾಯಿಯನ್ನು ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಉಳಿಸಬೇಕೆಂಬ ವಿಚಾರವು ಪ್ರತಿ ಗರಕ್ಕೂ ಹೊಸತಾಗಿ ಹುಟ್ಟುವದು. ಹುಲಿಕುರಿ ಆಟವೂ ಇಂಥದೇ. ಹಂಪಿಯ ದೇವಾಲಯಗಳ ಹಾಸುಗಲ್ಲುಗಳ ಮೇಲೆ ಯಾರೋ ಕೊರೆದಿಟ್ಟ ಆಟದ ಮನೆಗಳನ್ನು ಇಂದಿಗೂ ನೋಡಬಹುದು. ಕೊರೆದವರ ಹೆಸರು ಉಳಿಯಲಿಲ್ಲ, ಆಟವು ಉಳಿಯಿತು.

ಸುಲಭವಾಗಿದ್ದುದೇ ದೋಷವಲ್ಲವೆಂಬದಕ್ಕೆ ಇಷ್ಟು ಸಾಕು. ಕಠಿಣವಾಗಿದ್ದುದೇ ಗುಣವಲ್ಲವೆಂಬದಕ್ಕೂ ನಮ್ಮ ನಾಡಿನಲ್ಲಿಯೇ ಒಂದು ಉದಾಹರಣೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಆಟಗಳನ್ನು ಬಹಳವಾಗಿ ಪ್ರೀತಿಸಿದ ಅರಸರು. ಅವರು ಅನೇಕ ಹೊಸ ಆಟಗಳನ್ನು ರಚಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವುಗಳ ಚಿತ್ರಗಳಿವೆ. ಅವರು ಕಲ್ಪಿಸಿದ ಗಂಜೀಫಾ ಆಟಗಳಲ್ಲಿ ಕೆಲವಕ್ಕೆ ಮುನ್ನೂರಕ್ಕೂ ಹೆಚ್ಚು ಎಲೆಗಳು ಬೇಕಾಗಿದ್ದವು. ಪಾಂಡಿತ್ಯವನ್ನು ನೋಡಿದರೆ ಅವು ಅದ್ಭುತವಾದವು. ಆದರೆ ಅಷ್ಟೊಂದು ಎಲೆಗಳನ್ನು ಬಿಡಿಸಿಕೊಂಡು ನೆನಪಿಟ್ಟು ಆಡುವ ಬಿಡುವು ರೈತನ ಜಗುಲಿಯ ಮೇಲೆ ಎಲ್ಲಿಂದ ಬರಬೇಕು? ಆ ಆಟಗಳು ಅರಮನೆಯನ್ನು ದಾಟಿ ಊರಿಗೆ ಬರಲಿಲ್ಲ. ಒಳಗೆ ನೂರು ಕೋಣೆಗಳಿದ್ದರೂ ಬಾಗಿಲು ಕಿರಿದಾದರೆ ಜನ ಒಳಗೆ ಹೋಗುವದಿಲ್ಲ.

ಬಾಗಿಲೂ ದೊಡ್ಡದಾಗಿ ಒಳಗೂ ವಿಶಾಲವಾಗಿದ್ದರೆ ಏನಾಗುವದೆಂಬದನ್ನು ನಮ್ಮ ಜಿಲ್ಲೆಯ ಮುಖ್ಯ ಪಟ್ಟಣವಾದ ಸಾಂಗಲಿಯು ತೋರಿಸಿದೆ. ಚದುರಂಗದ ಕಾಯಿಗಳ ನಡೆಗಳನ್ನು ಒಂದು ದಿನದಲ್ಲಿ ಕಲಿಸಬಹುದು. ಮೊದಲನೆಯ ನಡೆಗೆ ಇರುವ ದಾರಿಗಳು ಕೇವಲ ೨೦. ಎದುರಾಳಿಯೂ ಒಮ್ಮೆ ನಡೆಸಿದ ಮೇಲೆ ೪೦೦ ಸ್ಥಿತಿಗಳು. ಮುಂದೆ ಎಣಿಕೆಯೇ ಸಾಲದು. ಸಾಂಗಲಿಯ ನೂತನ ಬುದ್ಧಿಬಲ ಮಂಡಳದಲ್ಲಿ ಭಾವೂಸಾಹೇಬ ಪಡಸಲಗೀಕರರು ಹಲವು ದಶಕಗಳ ಕಾಲ ಮಕ್ಕಳಿಗೆ ಈ ಆಟವನ್ನು ಕಲಿಸಿದರು, ಪಂದ್ಯಗಳನ್ನು ನಡೆಯಿಸಿದರು. ರಾಷ್ಟ್ರೀಯ ಮಹಿಳಾ ಚದುರಂಗ ಪ್ರಶಸ್ತಿಯನ್ನು ಐದು ಸಲ ಗೆದ್ದು, ೧೯೮೭ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದ ಭಾಗ್ಯಶ್ರೀ ಸಾಠೆ-ಠಿಪಸೆ ಅವರೂ, ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಸ್ವಾತಿ ಘಾಟೆ ಅವರೂ ಇದೇ ಸಾಂಗಲಿಯ ನೆಲದಿಂದ ಬೆಳೆದವರು. ಚದುರಂಗದ ಹಲಗೆಯ ಬೆಲೆ ಬಹಳವಿಲ್ಲ. ಸಾಂಗಲಿಯನ್ನು ಚದುರಂಗದ ಊರನ್ನಾಗಿ ಮಾಡಿದ್ದು ಹಲಗೆಯಲ್ಲ. ಹಲಗೆಯ ಸುತ್ತ ದಿನವೂ ಕೂಡುತ್ತಿದ್ದ ಜನ.

ಇನ್ನು ಪಾಲಕರಿಗೆ ನಮ್ಮ ಸೂಚನೆ. ಮಕ್ಕಳು ಆಟದ ಯಂತ್ರವನ್ನು ಬೇಡಿದಾಗ ಬೈಯುವದೂ ಬೇಡ, ಕೂಡಲೆ ಕೊಡಿಸುವದೂ ಬೇಡ. ಮೂರು ಪ್ರಶ್ನೆಗಳನ್ನು ಕೇಳಿ ನೋಡಿರಿ. ಒಂದನೆಯದು: ಈ ಆಟವನ್ನು ನೂರನೆಯ ಸಲ ಆಡುವವನು ಮೊದಲನೆಯ ಸಲ ಆಡುವವನಿಗಿಂತ ಏನನ್ನಾದರೂ ಹೆಚ್ಚು ಬಲ್ಲನೆ? ಎರಡನೆಯದು: ಇದನ್ನು ನನ್ನ ಮಗು ಯಾರೊಡನೆ ಆಡುವದು? ಮೂರನೆಯದು: ಇದನ್ನು ಮಾರಿದ ಕಂಪನಿಯು ನಾಳೆ ಕೈಬಿಟ್ಟರೆ ಆಟವು ಉಳಿಯುವದೆ? ಈ ಮೂರನೆಯ ಪ್ರಶ್ನೆಯು ಸಣ್ಣದಲ್ಲ. ವೀ ಪೆಟ್ಟಿಗೆಗೆ ಹೊಸ ಆಟಗಳನ್ನು ಮಾರುತ್ತಿದ್ದ ಅಂತರ್ಜಾಲದ ಅಂಗಡಿಯು ೨೦೧೯ರ ಜನವರಿಯಲ್ಲಿ ಮುಚ್ಚಿಹೋಯಿತು. ಚೌಕಾಬಾರದ ಅಂಗಡಿಯನ್ನು ಯಾರೂ ಮುಚ್ಚಲಾರರು. ಮೂರು ಪ್ರಶ್ನೆಗಳಿಗೂ ಸಮಾಧಾನಕರವಾದ ಉತ್ತರವು ಬಂದರೆ, ಕೈಯಲ್ಲಿ ಹಣವಿದ್ದರೆ, ಕೊಡಿಸಲು ಅಡ್ಡಿಯಿಲ್ಲ. ಸಾಲ ಮಾಡಿ ಕೊಡಿಸುವಂಥ ಆಟವು ಯಾವುದೂ ಇಲ್ಲವೆಂಬದು ನಮ್ಮ ದೃಢವಾದ ಅಭಿಪ್ರಾಯ.

ನಮ್ಮ ಶಾಲೆಯ ಸ್ಥಿತಿಯನ್ನೂ ಮರೆಯುವಂತಿಲ್ಲ. ದೀಪಾವಳಿಯ ಹೊತ್ತಿಗೆ ಕೆಲವು ಮಕ್ಕಳು ಕಬ್ಬು ಕಡಿಯಲು ಹೋಗುವ ತಂದೆತಾಯಿಗಳ ಬೆನ್ನು ಹತ್ತಿ ಹೋಗುತ್ತಾರೆ. ಹಂಗಾಮು ಮುಗಿದ ಮೇಲೆಯೇ ಮರಳಿ ಬರುತ್ತಾರೆ. ಗುಡಿಸಲಿನಲ್ಲಿ ಟೆಲಿವಿಜನ್ನಿರುವದಿಲ್ಲ. ಅವರು ಇಲ್ಲಿಂದ ಒಯ್ಯಬಲ್ಲುದು ತಲೆಯಲ್ಲಿರುವದನ್ನು ಮಾತ್ರ. ಶಾಲೆಯಲ್ಲಿ ಕಲಿತ ಆಟವು ಆ ನಾಲ್ಕಾರು ತಿಂಗಳು ಅವರಿಗೆ ಜೊತೆಯಾಗಬೇಕಾದರೆ, ಅದನ್ನು ನೆಲದ ಮೇಲೆ ಗೆರೆ ಎಳೆದು ಆಡುವಂತಿರಬೇಕು.

ಇದೆಲ್ಲವನ್ನೂ ವಿಚಾರಿಸಿ ಸಂಘದವರು ಹೀಗೆ ನಿಶ್ಚಯಿಸಿದ್ದೇವೆ. ಹಳೆಯ ವಿದ್ಯಾರ್ಥಿಯ ದಾನವನ್ನು ಕೃತಜ್ಞತೆಯಿಂದ ಸ್ವೀಕರಿಸುವದು. ಪೆಟ್ಟಿಗೆಯನ್ನು ಶನಿವಾರ ಒಂದು ತಾಸು ಮಾತ್ರ ತೆರೆಯುವದು. ಯಾರೂ ಒಬ್ಬರೇ ಆಡದೆ ತಂಡವಾಗಿಯೇ ಆಡುವದು. ಅಂಕಗಳನ್ನು ಗೋಡೆಯ ಹಲಗೆಯ ಮೇಲೆ ಬರೆಯುವದು. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನಾಲ್ಕು ಚದುರಂಗದ ಹಲಗೆಗಳನ್ನೂ ಎರಡು ಚೌಕಾಬಾರದ ಮನೆಗಳನ್ನೂ ಹಾಸಿಡುವದು. ಯಾವ ಕೋಣೆಗೆ ಹೋಗಬೇಕೆಂಬದನ್ನು ಮಕ್ಕಳೇ ಆರಿಸಲಿ. ಎರಡೂ ಬಾಗಿಲುಗಳ ಬಳಿ ಒಂದೊಂದು ವಹಿಯನ್ನಿಟ್ಟು, ಒಳಗೆ ಹೋದವರು ತಮ್ಮ ಹೆಸರನ್ನೂ ತಾರೀಖನ್ನೂ ಬರೆಯುವಂತೆ ಏಳನೆಯ ಇಯತ್ತೆಯ ವಿದ್ಯಾರ್ಥಿಗಳು ನೋಡಿಕೊಳ್ಳುವರು.

ಮೊದಲನೆಯ ತಿಂಗಳು ಯಾವ ವಹಿಯು ತುಂಬುವದೆಂಬದನ್ನು ನಾವು ಈಗಲೇ ಊಹಿಸಬಲ್ಲೆವು. ಆರನೆಯ ತಿಂಗಳು ಯಾವುದು ತುಂಬುವದೆಂಬದನ್ನು ಊಹಿಸದೆ ಕಾದು ನೋಡುವೆವು. ಆ ತಾಯಿಯ ಪ್ರಶ್ನೆಗೆ ನಿಜವಾದ ಉತ್ತರವು ಆ ಎರಡು ವಹಿಗಳಲ್ಲಿರುವದು. ಮುಂದಿನ ವರ್ಷದ ಸಂಚಿಕೆಯಲ್ಲಿ ಅವುಗಳ ಲೆಕ್ಕವನ್ನು, ಅದು ನಮ್ಮ ಮಾತಿಗೆ ವಿರುದ್ಧವಾಗಿದ್ದರೂ, ಇದ್ದಂತೆ ಪ್ರಕಟಿಸುವೆವು.